ಒಬಿಎಂ ಬಿಸಿಯಾಗ್ತಿದೆ, ನೀರು ಬರ್ತಿಲ್ಲ: ದೋಣಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ದೋಣಿಯ ಹಿಂಬದಿಗೆ ಕೂರಿಸುವ ಔಟ್‌ಬೋರ್ಡ್ ಎಂಜಿನ್ (ಒಬಿಎಂ) ಬಿಸಿಯಾಗುವ ಬಗ್ಗೆ ನಾಡದೋಣಿಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಉತ್ತರಗಳು ಮುಖ್ಯವಾಗಿ 9.9 ಅಶ್ವಶಕ್ತಿಯ ಆಸುಪಾಸಿನ ಟೂ ಸ್ಟ್ರೋಕ್ ಎಂಜಿನ್ ಇಟ್ಟುಕೊಂಡವರಿಗೆ. ಅದು ಪೆಟ್ರೋಲಿನದ್ದಾಗಲಿ, ಸೀಮೆಎಣ್ಣೆಯದ್ದಾಗಲಿ, ನೀರಿನ ದಾರಿ ಒಂದೇ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದೆ. 10 ಅಶ್ವಶಕ್ತಿಯೊಳಗಿನ ಎಂಜಿನ್ ಹಾಕಿದ ನಾಡದೋಣಿಗೆ ಆಗಲೂ ಅವಕಾಶ ಉಂಟು. ಆದರೆ ಹೊಳೆಗಳು ಕೆಂಪು ನೀರು, ಮರಳು, ಪ್ಲಾಸ್ಟಿಕ್ಕು ಎಲ್ಲವನ್ನೂ ತಂದು ಅಳಿವೆಗೆ ಸುರಿಯುವುದೂ ಅದೇ ತಿಂಗಳುಗಳಲ್ಲಿ. ಪ್ರಶ್ನೆಗಳು ಜಾಸ್ತಿ ಬರುವುದೂ ಆಗಲೇ.

## ಮೊದಲು ತಿಳಿದಿರಬೇಕಾದದ್ದು

ಇದಕ್ಕೆ ರೇಡಿಯೇಟರೇ ಇಲ್ಲವಲ್ಲ, ತಂಪಾಗೋದು ಹೇಗೆ?

ದೋಣಿ ಇರುವ ನೀರೇ ಇದರ ಕೂಲೆಂಟ್. ಪ್ರೊಪೆಲ್ಲರ್ ಹತ್ತಿರ, ಗೇರ್‌ಕೇಸಿನ ಪಕ್ಕದಲ್ಲಿ ಸಣ್ಣ ಜಾಲರಿ ಕಾಣುತ್ತದಲ್ಲ, ನೀರು ಒಳಗೆ ಹೋಗುವುದು ಅಲ್ಲಿಂದ. ಅದರ ಮೇಲೆ ವಾಟರ್ ಪಂಪ್ ಇದೆ. ಪಂಪಿನೊಳಗೆ ರಬ್ಬರ್ ರೆಕ್ಕೆಗಳ ಇಂಪೆಲ್ಲರ್. ಎಂಜಿನ್‌ನಿಂದ ಕೆಳಗೆ ಬರುವ ಉದ್ದನೆಯ ಶಾಫ್ಟ್ ಇದನ್ನು ತಿರುಗಿಸುತ್ತದೆ. ನೀರು ಒಂದು ಪೈಪಿನಲ್ಲಿ ಮೇಲೇರಿ, ಎಕ್ಸಾಸ್ಟ್ ಮತ್ತು ಸಿಲಿಂಡರ್ ಸುತ್ತಲಿನ ದಾರಿಗಳಲ್ಲಿ ಹರಿದು, ಥರ್ಮೋಸ್ಟಾಟ್ (ಬಿಸಿಯಾದಾಗ ತಾನಾಗಿ ತೆರೆದುಕೊಳ್ಳುವ ವಾಲ್ವ್) ದಾಟಿ ಕೆಳಗಿಳಿಯುತ್ತದೆ. ಆಮೇಲೆ ಹೊಗೆಯ ಜೊತೆ ನೀರಿನೊಳಗೇ ಹೊರಬೀಳುತ್ತದೆ. ಸ್ವಲ್ಪ ನೀರು ಮಾತ್ರ ಎಂಜಿನ್ ಪಕ್ಕದ ತೂತಿನಿಂದ ಧಾರೆಯಾಗಿ ಚಿಮ್ಮುತ್ತದೆ.

ಜಾಲರಿ, ಪಂಪು, ಪೈಪು, ಬ್ಲಾಕು (ಸಿಲಿಂಡರ್ ಇರುವ ಭಾಗ), ಥರ್ಮೋಸ್ಟಾಟು. ಈ ಸಾಲನ್ನು ಬಾಯಿಪಾಠ ಮಾಡಿಕೊಳ್ಳಿ. ದೋಷ ಹುಡುಕುವಾಗ ಕೆಳಗಿನಿಂದ ಮೇಲಕ್ಕೆ ಇದೇ ಸಾಲಿನಲ್ಲಿ ಹೋಗಬೇಕು. ಜಾಲರಿಗೆ ಪ್ಲಾಸ್ಟಿಕ್ ಅಂಟಿದೆಯಾ ಅಂತಲೂ ನೋಡದೆ ಸಿಲಿಂಡರ್ ಹೆಡ್ ಬಿಚ್ಚಲು ಕೂರುವವರು ಬೇಕಾದಷ್ಟು ಜನ ಇದ್ದಾರೆ.

ಪಕ್ಕದಲ್ಲಿ ನೀರು ಬರ್ತಾ ಇದ್ರೆ ಎಲ್ಲ ಸರಿ ಇದೆ ಅಂತ ತಾನೇ?

ಅಲ್ಲ. ಪಂಪು ನೀರು ಎತ್ತುತ್ತಿದೆ ಅಂತ ಮಾತ್ರ ಗೊತ್ತಾಗುತ್ತದೆ. ಹಲವು ಮಾಡೆಲ್‌ಗಳಲ್ಲಿ ಈ ಧಾರೆ ಕವಲೊಡೆಯುವುದು ಥರ್ಮೋಸ್ಟಾಟ್‌ಗಿಂತ ಮೊದಲೇ. ಥರ್ಮೋಸ್ಟಾಟ್ ಮುಚ್ಚಿಕೊಂಡು ಸಿಲಿಂಡರ್ ಸುಡುತ್ತಿದ್ದರೂ ಪಕ್ಕದಲ್ಲಿ ನೀರು ಚೆನ್ನಾಗಿಯೇ ಬರಬಹುದು. ಉಲ್ಟಾ ಕೂಡ ಆಗುತ್ತದೆ. ಒಳಗೆ ಎಲ್ಲ ಸರಿಯಿದ್ದು, ಧಾರೆಯ ತೂತಿಗೆ ಮರಳಿನ ಕಣ ಸಿಕ್ಕಿಕೊಂಡು ನೀರು ನಿಂತಿರಬಹುದು.

ಹಾಗಾಗಿ ನೀರು ಬರ್ತಿದೆಯಾ ಅಂತ ನೋಡಿದರೆ ಸಾಲದು, ಮುಟ್ಟಿಯೂ ನೋಡಬೇಕು. ನಿಮ್ಮ ಎಂಜಿನ್ ಸರಿಯಿರುವಾಗ ಧಾರೆ ಎಷ್ಟು ದೂರ ಚಿಮ್ಮುತ್ತದೆ, ಎಷ್ಟು ಬೆಚ್ಚಗಿರುತ್ತದೆ ಅನ್ನುವುದು ಕೈಗೆ ರೂಢಿಯಾಗಿದ್ದರೆ, ಕೆಟ್ಟ ದಿನ ತಕ್ಷಣ ಗೊತ್ತಾಗುತ್ತದೆ.

ಆ ನೀರು ಎಷ್ಟು ಬಿಸಿ ಇರಬೇಕು?

ಕೈ ಹಿಡಿದರೆ ಹಿತವಾಗಿರಬೇಕು. ಕೈ ಹಿಂದೆಗೆಯುವಷ್ಟು ಸುಟ್ಟರೆ, ಆವಿ ಎದ್ದರೆ, ಎಂಜಿನ್ ನಿಲ್ಲಿಸಿ. ಸ್ಲೋನಲ್ಲಿ ಧಾರೆ ಸಣ್ಣಗಾಗುವುದು ಸಹಜ, ಅದಕ್ಕೆ ಗಾಬರಿ ಬೇಡ. ವೇಗ ಕೊಟ್ಟರೂ ಬಲಗೊಳ್ಳದಿದ್ದರೆ ಮಾತ್ರ ಏನೋ ಕೆಟ್ಟಿದೆ ಅಂತ ಅರ್ಥ.

ಮನೆ ಅಂಗಳದಲ್ಲಿ ಒಂದು ನಿಮಿಷ ಸುಮ್ನೆ ಸ್ಟಾರ್ಟ್ ಮಾಡಿ ನೋಡಬಹುದಾ?

ನೀರಿಲ್ಲದೆ ಬೇಡವೇ ಬೇಡ. ಇಂಪೆಲ್ಲರ್‌ನ ರಬ್ಬರ್ ರೆಕ್ಕೆಗಳು ಪಂಪಿನ ಗೋಡೆಗೆ ಒತ್ತಿಕೊಂಡೇ ತಿರುಗುತ್ತವೆ. ಅವು ಜಾರುವಂತೆ ಮಾಡುವುದೂ ನೀರೇ. ಒಣಗಿ ತಿರುಗಿದರೆ ಕೆಲವೇ ಸೆಕೆಂಡುಗಳಲ್ಲಿ ತುದಿ ಸುಡಲು ಶುರು. ಅಂಗಳದಲ್ಲಿ ನೋಡಲೇಬೇಕಾದರೆ ಡ್ರಮ್ಮಿಗೆ ನೀರು ತುಂಬಿ ಎಂಜಿನ್ ಅದರೊಳಗೆ ಇಳಿಸಿ. ಪ್ರೊಪೆಲ್ಲರ್ ಮೇಲಿನ ಚಪ್ಪಟೆ ತಟ್ಟೆ ಪೂರ್ತಿ ಮುಳುಗಿರಬೇಕು. ಪ್ರೊಪೆಲ್ಲರ್ ಬಿಚ್ಚಿಟ್ಟರೆ ಇನ್ನೂ ಒಳ್ಳೆಯದು. ಮುಚ್ಚಿದ ಶೆಡ್ಡಿನಲ್ಲಿ ಮಾತ್ರ ಈ ಕೆಲಸ ಮಾಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಜೀವ ಹೋಗುತ್ತದೆ.

ದಿನಾ ಸಿಹಿನೀರಲ್ಲಿ ತೊಳೀಬೇಕು ಅಂತೀರಿ. ಅದು ಆಗೋ ಮಾತಾ?

ನಸುಕಿಗೆ ಹೋಗಿ ಮಧ್ಯಾಹ್ನ ಮೀನು ಇಳಿಸಿ ಸುಸ್ತಾಗಿ ಬಂದವರಿಗೆ ಇದು ಕಿರಿಕಿರಿ ಅಂತ ಗೊತ್ತು. ಆದರೂ ಹೇಳುತ್ತೇನೆ. ಒಂದು ಲೀಟರ್ ಸಮುದ್ರದ ನೀರಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಎಂಜಿನ್ ನಿಂತ ಮೇಲೆ ಒಳಗಿನ ಬಿಸಿಗೆ ಉಳಿದ ನೀರು ಆರುತ್ತದೆ, ಉಪ್ಪು ಅಲ್ಲೇ ಕೂರುತ್ತದೆ. ಮರುದಿನ ಅದರ ಮೇಲೆ ಇನ್ನೊಂದು ಪದರ. ಬಚ್ಚಲ ಹಂಡೆಯೊಳಗೆ ಬಿಳಿ ಗಟ್ಟಿ ಪದರ ಹತ್ತುತ್ತದಲ್ಲ, ಹಾಗೇ.

ಡ್ರಮ್ಮಿನಲ್ಲಿ ಸ್ಲೋನಲ್ಲಿ ಹತ್ತು ನಿಮಿಷ ಓಡಿಸಿದರೆ ಸಾಕು. ಒಂದು ವಿಷಯ ನೆನಪಿಡಿ: ಎಂಜಿನ್ ಬೆಚ್ಚಗಾಗಿ ಥರ್ಮೋಸ್ಟಾಟ್ ತೆರೆದುಕೊಂಡರೆ ಮಾತ್ರ ಸಿಹಿನೀರು ಅದರಾಚೆಗೆ ಹೋಗುತ್ತದೆ. ಎರಡು ನಿಮಿಷಕ್ಕೆ ನಿಲ್ಲಿಸಿದರೆ ಅರ್ಧ ದಾರಿ ಮಾತ್ರ ತೊಳೆದ ಹಾಗೆ. ಸೀಮೆಎಣ್ಣೆ ಎಂಜಿನ್ ಆದರೆ ಈ ಕೆಲಸ ಪೆಟ್ರೋಲಿನಲ್ಲೇ ಮಾಡಿ. ತೊಳೆದಾದ ಮೇಲೆ ಎಂಜಿನ್ ನೆಟ್ಟಗೆ ನಿಲ್ಲಿಸಿ, ನೀರು ಪೂರ್ತಿ ಇಳಿದುಹೋಗಲಿ. ದಿನಾ ಆಗದಿದ್ದರೆ, ಒಂದೆರಡು ದಿನ ದೋಣಿ ದಡದಲ್ಲೇ ಇರುತ್ತೆ ಅನ್ನುವಾಗಲಾದರೂ ತಪ್ಪಿಸಬೇಡಿ. ಉಪ್ಪು ಗಟ್ಟಿಯಾಗುವುದು ಎಂಜಿನ್ ಸುಮ್ಮನೆ ನಿಂತಾಗ.

## ನೀರಿನ ಮೇಲೆ ಇರುವಾಗ

ಕಡಲ ಮಧ್ಯೆ ನೀರಿನ ಧಾರೆ ನಿಂತೇ ಹೋಯ್ತು. ಆಗ ಏನು ಮಾಡೋದು?

ಮೊದಲು ಎಲ್ಲಿದ್ದೀರಿ ನೋಡಿ. ಅಳಿವೆ ಬಾಯಲ್ಲಿ ತೆರೆ ಒಡೆಯುವ ಜಾಗದಲ್ಲಿದ್ದರೆ ಎಂಜಿನ್ ನಿಲ್ಲಿಸಬೇಡಿ. ಸುಟ್ಟರೆ ಸುಡಲಿ, ಮೊದಲು ಅಲ್ಲಿಂದ ಹೊರಬನ್ನಿ. ಎಂಜಿನ್ ಇನ್ನೊಂದು ಸಿಗುತ್ತದೆ.

ಸಮಾಧಾನದ ನೀರಿನಲ್ಲಿದ್ದರೆ ಕೂಡಲೇ ಆಫ್ ಮಾಡಿ, ಲಂಗರು ಬಿಡಿ. ಎಂಜಿನ್ ಎತ್ತಿ ಜಾಲರಿ ನೋಡಿ. ಪ್ಲಾಸ್ಟಿಕ್ ಚೀಲ, ಬಲೆಯ ತುಂಡು, ಹುಲ್ಲು ಅಂಟಿರುವುದೇ ಜಾಸ್ತಿ. ಅಲ್ಲಿ ಏನೂ ಇಲ್ಲದಿದ್ದರೆ ಧಾರೆಯ ತೂತಿಗೆ ದಪ್ಪ ಟಂಗೀಸಿನ (ಗಾಳದ ನೈಲಾನ್ ದಾರದ) ತುಂಡು ತೂರಿಸಿ ಆಡಿಸಿ. ಕಬ್ಬಿಣದ ತಂತಿ ಬೇಡ, ಒಳಗಿನ ಪ್ಲಾಸ್ಟಿಕ್ ಮೊಣಕೈ ಒಡೆದುಹೋಗುತ್ತದೆ. ಮುಚ್ಚಳ ತೆಗೆದು, ಧಾರೆಯ ಸಣ್ಣ ರಬ್ಬರ್ ಪೈಪನ್ನು ಹೊರತುದಿಯಲ್ಲಿ ಕಳಚಿಯೂ ನೋಡಬಹುದು. ಮತ್ತೆ ಸ್ಟಾರ್ಟ್ ಮಾಡಿದಾಗ ಪೈಪಿನಿಂದ ನೀರು ರಭಸವಾಗಿ ಬಂದರೆ ಪಂಪು ಸರಿಯಿದೆ, ಕಟ್ಟಿಕೊಂಡದ್ದು ತೂತು ಮಾತ್ರ. ಆಗ ನಿಧಾನಕ್ಕೆ ದಡ ಸೇರಬಹುದು.

ಇಷ್ಟು ಮಾಡಿದ ಮೇಲೂ ಅರ್ಧ ನಿಮಿಷದಲ್ಲಿ ನೀರು ಕಾಣದಿದ್ದರೆ ಆಫ್ ಮಾಡಿ, ಬೇರೆ ದೋಣಿಗೆ ಹಗ್ಗ ಕೊಡಿ.

ಬಿಸಿಯಾದ ಎಂಜಿನ್ ಮೇಲೆ ತಣ್ಣೀರು ಹೊಯ್ದರೆ ಬೇಗ ಆರುತ್ತಲ್ವಾ?

ಆರುತ್ತದೆ, ಹೆಡ್ ಸೊಟ್ಟಗಾಗುತ್ತದೆ ಕೂಡ. ಅಲ್ಯೂಮಿನಿಯಂ ಒಮ್ಮೆಲೇ ಕುಗ್ಗಿದರೆ ಬಾಗಬಹುದು, ಬಿರುಕೂ ಬಿಡಬಹುದು. ಮುಚ್ಚಳ ತೆಗೆದು ಗಾಳಿಗೆ ಬಿಡಿ.

ಅಳಿವೆಯಲ್ಲಿ ಮರಳಿಗೆ ತಾಗಿಸಿದ ಮೇಲೆ ನೀರು ಕಡಿಮೆಯಾಗಿದೆ. ತಾನಾಗೇ ಸರಿಹೋಗುತ್ತಾ?

ಕೆಲವೊಮ್ಮೆ ಹೋಗುತ್ತದೆ. ಜಾಲರಿಯಲ್ಲಿ ಸಿಕ್ಕ ಮರಳು ಆಳದ ನೀರಿಗೆ ಬಂದಾಗ ತೊಳೆದುಹೋಗಬಹುದು. ಒಳಗೆ ಹೋದ ಮರಳಿನ ಕಥೆ ಬೇರೆ. ಅದು ಪಂಪಿನೊಳಗೆ ಮರಳು ಕಾಗದದ ಕೆಲಸ ಮಾಡುತ್ತದೆ. ಗಂಗೊಳ್ಳಿಯಂಥ ಕಡೆ ಐದು ಹೊಳೆಗಳ ನೀರು ಒಂದೇ ಬಾಯಲ್ಲಿ ಕಡಲು ಸೇರುತ್ತದೆ. ಮಳೆಗಾಲದಲ್ಲಿ ಅಂಥ ಅಳಿವೆ ದಾಟಿ ದಿನಾ ಓಡಾಡುವ ಎಂಜಿನ್‌ನ ಪಂಪನ್ನು ಮಳೆಗಾಲ ಮುಗಿದ ಕೂಡಲೇ ಬಿಚ್ಚಿ ನೋಡಲೇಬೇಕು. ಆಳ ಕಡಿಮೆ ಇರುವಲ್ಲಿ ಎಂಜಿನ್ ಸ್ವಲ್ಪ ಎತ್ತಿ ನಿಧಾನ ಹೋಗಿ, ಆದರೆ ಜಾಲರಿ ನೀರಿನಿಂದ ಮೇಲೆ ಬರುವಷ್ಟು ಎತ್ತಬೇಡಿ.

ದೋಣಿ ಖಾಲಿ ಇದ್ದಾಗ ಬಿಸಿಯಾಗುತ್ತೆ, ಮೀನು ತುಂಬಿ ಬರುವಾಗ ಏನೂ ತೊಂದರೆ ಇಲ್ಲ. ಇದೇನು ವಿಚಿತ್ರ?

ವಿಚಿತ್ರ ಏನಿಲ್ಲ, ಎಂಜಿನ್ ಮೇಲಕ್ಕೆ ಕೂತಿದೆ. ಖಾಲಿ ದೋಣಿಯ ಹಿಂಭಾಗ ಎದ್ದಿರುತ್ತದೆ, ತೆರೆಯ ಮೇಲೆ ಹಾರಿದಾಗಲೆಲ್ಲ ಜಾಲರಿ ಗಾಳಿ ಕುಡಿಯುತ್ತದೆ. ಭಾರ ಬಿದ್ದಾಗ ಕೆಳಗಿಳಿಯುತ್ತದೆ. ಪ್ರೊಪೆಲ್ಲರ್ ಮೇಲಿನ ತಟ್ಟೆ ದೋಣಿಯ ತಳಕ್ಕಿಂತ ಎರಡರಿಂದ ಐದು ಸೆಂಟಿಮೀಟರ್ ಕೆಳಗಿರಬೇಕು. ಎಂಜಿನ್ 15 ಇಂಚಿನ ಶಾರ್ಟ್ ಶಾಫ್ಟಿನದೋ, 20 ಇಂಚಿನ ಲಾಂಗ್ ಶಾಫ್ಟಿನದೋ ನೋಡಿ, ದೋಣಿಯ ಹಿಂಬದಿ ಹಲಗೆಯ ಎತ್ತರ ಅಳೆದುಬಿಡಿ. ಹಳೆ ಎಂಜಿನ್ ಕೊಂಡು ಬೇರೆ ದೋಣಿಗೆ ಕೂರಿಸಿದವರಲ್ಲಿ ಈ ತೊಂದರೆ ಜಾಸ್ತಿ.

ಸ್ಲೋನಲ್ಲಿ ಬಿಸಿ, ಜೋರು ಓಡಿಸಿದರೆ ಸರಿ. ನನ್ನ ತಮ್ಮನ ಎಂಜಿನ್ ಇದಕ್ಕೆ ಉಲ್ಟಾ. ಯಾಕೆ?

ಸ್ಲೋನಲ್ಲಿ ಬಿಸಿಯಾದರೆ ಮೊದಲ ಅನುಮಾನ ಸವೆದ ಇಂಪೆಲ್ಲರ್ ಮೇಲೆ. ನಿಧಾನ ತಿರುಗುವಾಗ ನೀರು ಎತ್ತಲು ರೆಕ್ಕೆ ಗೋಡೆಗೆ ಬಿಗಿಯಾಗಿ ತಾಗಿರಬೇಕು. ಜೋರಾಗಿ ತಿರುಗಿದಾಗ ಸವೆದ ರೆಕ್ಕೆಯೂ ಹೇಗೋ ನೀರು ದೂಡಿಬಿಡುತ್ತದೆ.

ತಮ್ಮನ ಎಂಜಿನ್‌ನಲ್ಲಿ ಪಂಪು ನೀರು ಕೊಡುತ್ತಿದೆ, ಆದರೆ ದಾರಿ ಸಾಲುತ್ತಿಲ್ಲ. ಜಾಲರಿ ಅರ್ಧ ಕಟ್ಟಿರಬಹುದು, ಬ್ಲಾಕಿನೊಳಗೆ ಉಪ್ಪು ಹತ್ತಿರಬಹುದು, ಥರ್ಮೋಸ್ಟಾಟ್ ಪೂರ್ತಿ ತೆರೆಯದಿರಬಹುದು. ದೊಡ್ಡ ಎಂಜಿನ್‌ಗಳಲ್ಲಿ ಜೋರು ಓಡುವಾಗ ಜಾಸ್ತಿ ನೀರು ಬಿಡಲು ಸ್ಪ್ರಿಂಗ್ ಹಾಕಿದ ಇನ್ನೊಂದು ವಾಲ್ವ್ ಇರುತ್ತದೆ, ಅದು ಅಂಟಿಕೊಂಡರೂ ಹೀಗೇ ಆಗುತ್ತದೆ.

## ಬಿಚ್ಚಿ ನೋಡುವಾಗ

ಇಂಪೆಲ್ಲರ್ ನೋಡೋಕೆ ಚೆನ್ನಾಗೇ ಇದೆ. ಬದಲಾಯಿಸಲೇಬೇಕಾ?

ಕೈಯಲ್ಲಿ ಹಿಡಿದು ನೋಡಿ. ಹೊಸದರ ರೆಕ್ಕೆಗಳು ನಡುವಿನಿಂದ ನೇರವಾಗಿ ಹೊರಗೆ ಚಾಚಿರುತ್ತವೆ. ಹಳೆಯದರ ರೆಕ್ಕೆಗಳು ಒಂದೇ ಕಡೆಗೆ ಬಾಗಿ ಹಾಗೇ ನಿಂತುಬಿಟ್ಟಿರುತ್ತವೆ. ರೆಕ್ಕೆಯ ಬುಡವನ್ನು ಬೆರಳಲ್ಲಿ ಹಿಂದಕ್ಕೆ ಬಗ್ಗಿಸಿ. ಕೂದಲೆಳೆಯಷ್ಟು ಬಿರುಕು ಬಾಯಿ ಬಿಟ್ಟರೆ ಅದರ ಆಯುಷ್ಯ ಮುಗಿದಿದೆ. ತುದಿ ಚಪ್ಪಟೆಯಾಗಿ ಮಿರಮಿರ ಹೊಳೆಯುತ್ತಿದ್ದರೂ ಅಷ್ಟೇ. ಆಮೇಲೆ ಅದರ ಕೆಳಗಿನ ಸ್ಟೀಲ್ ತಟ್ಟೆಯ ಮೇಲೆ ಉಗುರು ಎಳೆಯಿರಿ. ಗೀರಿಗೆ ಉಗುರು ಸಿಕ್ಕಿಕೊಂಡರೆ ತಟ್ಟೆಯನ್ನೂ ಬದಲಾಯಿಸಿ. ಇಲ್ಲವಾದರೆ ಹೊಸ ಇಂಪೆಲ್ಲರ್ ಕೂಡ ಸಂದಿಯಲ್ಲಿ ಒತ್ತಡ ಸೋರಿಸುತ್ತದೆ.

ದಿನಾ ಉಪ್ಪುನೀರಲ್ಲಿ ದುಡಿಯುವ ಎಂಜಿನ್‌ಗೆ ವರ್ಷಕ್ಕೊಂದು ಇಂಪೆಲ್ಲರ್ ಅನ್ನುವುದು ಕಮ್ಮಿ ಲೆಕ್ಕವೇ. ಪಿಸ್ಟನ್, ಬೋರು ಅಂತ ಶುರುವಾದರೆ ಆಗುವ ಖರ್ಚಿನ ಮುಂದೆ ಈ ರಬ್ಬರಿನ ತುಂಡು ಏನೂ ಅಲ್ಲ. ಬಾಗಿದ ಇಂಪೆಲ್ಲರನ್ನು ತಿರುಗಿಸಿ ಉಲ್ಟಾ ಹಾಕುವ ಉಳಿತಾಯ ಮಾತ್ರ ಬೇಡ, ರೆಕ್ಕೆ ಬುಡದಲ್ಲೇ ಮುರಿಯುತ್ತದೆ.

ಹೊಸ ಇಂಪೆಲ್ಲರ್ ಹಾಕಿದೆ. ಈಗ ಮೊದಲಿಗಿಂತಲೂ ನೀರಿಲ್ಲ!

ಮತ್ತೆ ಬಿಚ್ಚಿ. ತಪ್ಪು ಆಗುವ ಜಾಗಗಳು ಇವು. ಗೇರ್‌ಕೇಸ್ ಮೇಲಕ್ಕೆ ಕೂರಿಸುವಾಗ ನೀರಿನ ಪೈಪು ಪಂಪಿನ ಮೇಲಿನ ರಬ್ಬರ್ ಬುಶ್ಶಿನೊಳಗೆ ಹೋಗದೆ ಪಕ್ಕಕ್ಕೆ ನಿಂತಿರುತ್ತದೆ. ಕಣ್ಣಿಗೆ ಕಾಣದ ಜಾಗ, ಅದಕ್ಕೇ ಎಲ್ಲಕ್ಕಿಂತ ಜಾಸ್ತಿ ಆಗುವ ತಪ್ಪು ಇದು. ಎರಡನೆಯದು, ಶಾಫ್ಟಿಗೂ ಇಂಪೆಲ್ಲರ್‌ಗೂ ನಡುವಿನ ಸಣ್ಣ ಚಾವಿ (ಎರಡನ್ನೂ ಸೇರಿಸಿ ಹಿಡಿಯುವ ಲೋಹದ ತುಂಡು) ಜಾರಿ ಬಿದ್ದಿರುತ್ತದೆ, ಶಾಫ್ಟ್ ತಿರುಗಿದರೂ ಇಂಪೆಲ್ಲರ್ ತಿರುಗುವುದಿಲ್ಲ. ಚಾವಿಯನ್ನು ಗ್ರೀಸಿನಲ್ಲಿ ಅಂಟಿಸಿ ಕೂರಿಸಿದರೆ ಬೀಳದು. ಮೂರನೆಯದು, ಪ್ಯಾಕಿಂಗ್ ಹಳೆಯದೇ ಹಾಕಿದ್ದು ಅಥವಾ ಓರೆಯಾಗಿ ಕೂತದ್ದು.

ಪಂಪಿನ ಮುಚ್ಚಳ ಒತ್ತುವಾಗ ಶಾಫ್ಟನ್ನು ಅದು ಓಡುವ ದಿಕ್ಕಿಗೇ ತಿರುಗಿಸುತ್ತಾ ಒತ್ತಬೇಕು. ಹೆಚ್ಚಿನ ಎಂಜಿನ್‌ಗಳಲ್ಲಿ ಮೇಲಿಂದ ನೋಡಿದರೆ ಅದು ಗಡಿಯಾರದ ದಿಕ್ಕು. ರೆಕ್ಕೆಗೆ ಸ್ವಲ್ಪ ಸೋಪಿನ ನೀರು ಹಚ್ಚಿದರೆ ಸಲೀಸಾಗಿ ಒಳಗೆ ಹೋಗುತ್ತದೆ.

ಒಂದು ರೆಕ್ಕೆ ಮುರಿದಿತ್ತು. ತುಂಡು ಸಿಗಲಿಲ್ಲ. ಬಿಟ್ಟುಬಿಡಲಾ?

ಬಿಡಬೇಡಿ. ಅದು ಮೇಲಕ್ಕೆ ಹೋಗಿ ಪೈಪಿನ ಬಾಯಲ್ಲೋ, ಬ್ಲಾಕಿನ ತಿರುವಿನಲ್ಲೋ, ಥರ್ಮೋಸ್ಟಾಟಿನ ಹಿಂದೋ ಕೂತಿದೆ. ಗೇರ್‌ಕೇಸ್ ಕಳಚಿರುವಾಗಲೇ, ಥರ್ಮೋಸ್ಟಾಟ್ ತೆಗೆದು, ಮೇಲಿನಿಂದ ಹೋಸಿನಲ್ಲಿ ನೀರು ಬಿಟ್ಟು ಉಲ್ಟಾ ತೊಳೆಯಿರಿ. ಕೆಳಗೊಂದು ಬಕೆಟ್ ಇಡಿ. ಸಿಕ್ಕ ತುಂಡುಗಳನ್ನು ಮುರಿದ ಇಂಪೆಲ್ಲರ್ ಪಕ್ಕ ಜೋಡಿಸಿ ನೋಡಿ, ಎಲ್ಲ ಬಂತಾ ಅಂತ ಆಗ ಗೊತ್ತಾಗುತ್ತದೆ.

ಥರ್ಮೋಸ್ಟಾಟ್ ತೆಗೆದು ಬಿಸಾಡಿ, ತಂಪಾಗಿ ಓಡುತ್ತೆ ಅಂತಾರೆ. ನಿಜವಾ?

ತಂಪಾಗಿ ಓಡುತ್ತದೆ, ನಿಜ. ಅದೇ ತೊಂದರೆ. ಎಂಜಿನ್‌ಗೆ ಬೇಕಾದದ್ದು ತಂಪಲ್ಲ, ಹದವಾದ ಬಿಸಿ. ತಣ್ಣಗಿನ ಸಿಲಿಂಡರಿನಲ್ಲಿ ಇಂಧನ ಪೂರ್ತಿ ಆವಿಯಾಗುವುದಿಲ್ಲ, ಪ್ಲಗ್ ಒದ್ದೆಯಾಗುತ್ತದೆ, ಕಾರ್ಬನ್ ಕೂರುತ್ತದೆ, ರಿಂಗ್ ಅಂಟುತ್ತದೆ. ಸೀಮೆಎಣ್ಣೆಯವರು ಇದನ್ನು ಇನ್ನೂ ಗಮನವಿಟ್ಟು ಓದಿ. ಪೆಟ್ರೋಲಿನಷ್ಟು ಸುಲಭವಾಗಿ ಸೀಮೆಎಣ್ಣೆ ಆವಿಯಾಗುವುದಿಲ್ಲ. ಅದಕ್ಕೇ ತಾನೇ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಾಯಿಸುವುದು? ಥರ್ಮೋಸ್ಟಾಟ್ ಕಿತ್ತುಹಾಕಿದರೆ ಆ ಬಿಸಿ ನಿಲ್ಲುವುದೇ ಇಲ್ಲ. ಹೊಗೆ ಜಾಸ್ತಿ, ಎಣ್ಣೆ ಖರ್ಚು ಜಾಸ್ತಿ, ಸ್ಲೋನಲ್ಲಿ ಬಂದ್ ಬೀಳುವುದು ಜಾಸ್ತಿ.

ಇನ್ನೊಂದು ಮಾತು. ಥರ್ಮೋಸ್ಟಾಟ್ ತೆಗೆದ ಕೂಡಲೇ ಬಿಸಿ ಇಳಿದರೆ ದೋಷ ಆ ಹಳೆ ಥರ್ಮೋಸ್ಟಾಟಿನಲ್ಲೇ ಇತ್ತು ಅಂತಾಯ್ತು. ಹೊಸದು ಹಾಕಿ. ತೆಗೆದ ಮೇಲೂ ಬಿಸಿ ಇದ್ದರೆ ದೋಷ ಬೇರೆ ಕಡೆ ಇದೆ, ಇದನ್ನು ಬಿಸಾಡಿ ಪ್ರಯೋಜನ ಇಲ್ಲ. ಎರಡು ಲೆಕ್ಕದಲ್ಲೂ ಬಿಸಾಡುವ ಮಾತು ನಿಲ್ಲುವುದಿಲ್ಲ. ಕಡಲಲ್ಲಿ ಸಿಕ್ಕಿಬಿದ್ದಾಗ ದಡ ಮುಟ್ಟುವ ತನಕ ತೆಗೆದು ಓಡಿಸಿದರೆ ಅದಕ್ಕೆ ನನ್ನ ತಕರಾರಿಲ್ಲ.

ಥರ್ಮೋಸ್ಟಾಟ್ ಸರಿ ಇದೆಯಾ ಅಂತ ಮನೆಯಲ್ಲೇ ನೋಡೋದು ಹೇಗೆ?

ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟನ್ನು ದಾರದಲ್ಲಿ ಇಳಿಬಿಡಿ, ತಳಕ್ಕೆ ತಾಗದಿರಲಿ. ದಾರದ ತುದಿಯನ್ನು ವಾಲ್ವಿನ ಸಂದಿಯಲ್ಲೇ ಸಿಕ್ಕಿಸಿ. ನೀರು ಕಾಯಿಸುತ್ತಾ ಹೋಗಿ. ವಾಲ್ವ್ ತೆರೆದ ಕೂಡಲೇ ಹಿಡಿತ ಸಡಿಲವಾಗಿ ಥರ್ಮೋಸ್ಟಾಟ್ ತಾನಾಗಿ ಕೆಳಗೆ ಬೀಳುತ್ತದೆ. ಆಗ ಥರ್ಮಾಮೀಟರ್ ಎಷ್ಟು ತೋರಿಸಿತು ನೋಡಿ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗದು. ಸಣ್ಣ ಎಂಜಿನ್‌ಗಳಲ್ಲಿ ಹಲವು 48ರಿಂದ 52 ಡಿಗ್ರಿಯ ನಡುವೆ ತೆರೆಯುತ್ತವೆ, ಕೆಲವು 60ರ ಹತ್ತಿರ. ಸರಿಯಾದ ಅಂಕಿ ಥರ್ಮೋಸ್ಟಾಟಿನ ಮೇಲೋ ಮ್ಯಾನುಯಲಿನಲ್ಲೋ ಇರುತ್ತದೆ. ಕಾರಿನದು ಇದಕ್ಕಿಂತ ತುಂಬಾ ಬಿಸಿಯಾದ ಮೇಲೆ ತೆರೆಯುತ್ತದೆ, ಅದನ್ನು ತಂದು ಹೊಂದಿಸಲು ಹೋಗಬೇಡಿ. ಉಪ್ಪುನೀರು ಅಷ್ಟು ಕಾದರೆ ಸುಣ್ಣದಂಥ ಪದರ ಬೇಗ ಕಟ್ಟುತ್ತದೆ.

## ಇಷ್ಟೆಲ್ಲ ಮಾಡಿ ಮುಗಿಸಿದವರಿಗೆ

ಪಂಪು ಹೊಸದು, ಥರ್ಮೋಸ್ಟಾಟ್ ಹೊಸದು. ಆದರೂ ಬಿಸಿ. ಇನ್ನೇನು ಉಳಿದಿದೆ?

ಬ್ಲಾಕಿನೊಳಗಿನ ಉಪ್ಪು. ಥರ್ಮೋಸ್ಟಾಟ್ ಮುಚ್ಚಳ ತೆಗೆದು ಟಾರ್ಚ್ ಹಾಕಿದರೆ ಒಳಗಿನ ಪರಿಸ್ಥಿತಿ ಅಂದಾಜಾಗುತ್ತದೆ. ತೆಳು ಪದರವಾದರೆ ಅಡುಗೆಯ ವಿನೆಗರ್ ಬೆರೆಸಿದ ನೀರು ತುಂಬಿಸಿ ನೆನೆಸಿಟ್ಟು, ಆಮೇಲೆ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಬಹುದು. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಹಾಕಿದರೆ ಉಪ್ಪಿನ ಜೊತೆ ಅಲ್ಯೂಮಿನಿಯಮ್ಮೂ ಕರಗುತ್ತದೆ.

ಗಟ್ಟಿಯಾಗಿ ಕಟ್ಟಿದ್ದರೆ ಹೆಡ್ ಮತ್ತು ಎಕ್ಸಾಸ್ಟ್ ಕವರ್ ಬಿಚ್ಚಿ ಕೈಯಿಂದಲೇ ಕೆರೆಯಬೇಕು. ಇಲ್ಲಿ ದೊಡ್ಡ ತಲೆನೋವು ಉಪ್ಪಲ್ಲ, ಬೋಲ್ಟು. ಅಲ್ಯೂಮಿನಿಯಂನಲ್ಲಿ ಸ್ಟೀಲ್ ಬೋಲ್ಟು ಉಪ್ಪುನೀರಿಗೆ ಹಿಡಿದುಕೊಂಡುಬಿಡುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ, ಸ್ವಲ್ಪ ಬಿಸಿ ಕೊಡಿ, ಒಂದು ಚೂರು ಸಡಿಲಿಸಿ ಮತ್ತೆ ಬಿಗಿ ಮಾಡಿ, ಮತ್ತೆ ಸಡಿಲಿಸಿ. ಉದ್ದ ಪೈಪು ಸಿಕ್ಕಿಸಿ ಒಂದೇ ಸಲ ಜಗ್ಗಿದರೆ ಬೋಲ್ಟಿನ ತಲೆ ಕೈಗೆ ಬರುತ್ತದೆ, ಅರ್ಧ ದಿನದ ಕೆಲಸ ವಾರದ ಕೆಲಸವಾಗುತ್ತದೆ. ಒಳಗೆ ಆ್ಯನೋಡ್ (ಎಂಜಿನ್ ಸವೆಯದಂತೆ ತಾನೇ ಕರಗುವ ಲೋಹದ ತುಂಡು) ಇರುವ ಮಾಡೆಲ್ ಆದರೆ, ಅದು ಅರ್ಧಕ್ಕಿಂತ ಜಾಸ್ತಿ ಕರಗಿದ್ದರೆ ಬದಲಾಯಿಸಿ, ಅದರ ಮೇಲೆ ಪೇಂಟ್ ಬಳಿಯಬೇಡಿ.

ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ಬಿಚ್ಚದೆ ಹೇಗೆ ಹೇಳೋದು?

ಎರಡು ಪ್ಲಗ್‌ಗಳನ್ನೂ ತೆಗೆದು ಪಕ್ಕಪಕ್ಕ ಇಡಿ. ಒಂದು ಕಂದು ಬಣ್ಣ, ಇನ್ನೊಂದು ತೊಳೆದಿಟ್ಟ ಹಾಗೆ ಬೆಳ್ಳಗಿದ್ದರೆ ಆ ಸಿಲಿಂಡರಿಗೆ ನೀರು ಇಳಿಯುತ್ತಿರಬಹುದು. ಆಮೇಲೆ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಹಾಕಿ. ಎರಡರ ನಡುವೆ ಎದ್ದುಕಾಣುವ ವ್ಯತ್ಯಾಸ ಬಂದರೆ ಅನುಮಾನ ಗಟ್ಟಿ. ಪಕ್ಕದ ಧಾರೆ ಬಿಟ್ಟು ಬಿಟ್ಟು, ಗುಳ್ಳೆಗಳ ಜೊತೆ ಉಗುಳಿದರೂ ಹೊಗೆ ನೀರಿನ ದಾರಿಗೆ ನುಗ್ಗುತ್ತಿರುವ ಲಕ್ಷಣ. ಬಿಚ್ಚಿದ ಮೇಲೆ ಹೆಡ್ಡನ್ನು ದಪ್ಪ ಗಾಜಿನ ಮೇಲೆ ಇಟ್ಟು ಅಲುಗುತ್ತದಾ ನೋಡಿ. ಹಳೆ ಗ್ಯಾಸ್ಕೆಟ್ ಮತ್ತೆ ಹಾಕುವುದು ಬೇಡ. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ.

ನೀರು ಭರ್ಜರಿಯಾಗಿ ಬರ್ತಿತ್ತು, ಆದರೂ ಎಂಜಿನ್ ಸೀಜ್ ಆಯ್ತು. ಅದು ಹೇಗೆ ಸಾಧ್ಯ?

ಎಲ್ಲ ಬಿಸಿಯೂ ನೀರಿನ ತಪ್ಪಲ್ಲ. ಟೂ ಸ್ಟ್ರೋಕ್ ಎಂಜಿನ್‌ಗೆ ಇಂಧನದ ಜೊತೆ ಬರುವ ಆಯಿಲ್ಲೇ ಗತಿ. ಪೆಟ್ರೋಲಿಗೆ 50:1 ಅಂದರೆ ಲೀಟರಿಗೆ 20 ಮಿಲಿ. ಸೀಮೆಎಣ್ಣೆಗೆ ಕಂಪನಿ ಬೇರೆ ಲೆಕ್ಕ ಕೊಟ್ಟಿದ್ದರೆ ಅದನ್ನೇ ನಡೆಸಿ. ಬೈಕಿನ ಟೂಟಿ ಆಯಿಲ್ ಅಲ್ಲ, ಡಬ್ಬಿಯ ಮೇಲೆ ಟಿಸಿ-ಡಬ್ಲ್ಯು3 ಅಂತ ಬರೆದದ್ದೇ ಆಗಬೇಕು. ಬೈಕಿನದ್ದು ಗಾಳಿಯಿಂದ ತಂಪಾಗುವ ಎಂಜಿನ್‌ಗೆ ಮಾಡಿದ್ದು.

ಎರಡನೆಯ ಕಾರಣ, ಕಾರ್ಬುರೇಟರ್ ಜೆಟ್ಟಿನಲ್ಲಿ ಕಸ. ಇಂಧನ ಕಡಿಮೆ, ಗಾಳಿ ಜಾಸ್ತಿಯಾದರೆ ಪಿಸ್ಟನ್ ತಲೆ ಸುಡುತ್ತದೆ, ಆಯಿಲ್ಲೂ ಅಷ್ಟೇ ಕಡಿಮೆ ಸಿಗುತ್ತದೆ. ಸೀಜ್ ಆಗುವ ಮೊದಲು ಎಂಜಿನ್ ಹಲವು ಸಲ ಸೂಚನೆ ಕೊಡುತ್ತದೆ: ವೇಗ ತಾನಾಗಿ ಇಳಿಯುತ್ತದೆ, ಸದ್ದು ಗಡಸಾಗುತ್ತದೆ, ಪೇಂಟ್ ಸುಟ್ಟ ವಾಸನೆ ಬರುತ್ತದೆ. ಅನುಮಾನ ಬಂದರೆ ಮುಚ್ಚಳ ತೆಗೆದು ಸಿಲಿಂಡರ್ ಹೆಡ್ ಮೇಲೆ ಎರಡು ಹನಿ ನೀರು ಚಿಮುಕಿಸಿ. ಹನಿ ಸುಮ್ಮನೆ ಹರಿದರೆ ಪರವಾಗಿಲ್ಲ. ಚುಂಯ್ ಅಂತ ಕುಣಿದು ಹಾರಿದರೆ 100 ಡಿಗ್ರಿ ದಾಟಿದೆ, ನಿಲ್ಲಿಸಿ.

ಡ್ಯಾಮಿನ ಹಿನ್ನೀರಲ್ಲಿ ಓಡಿಸ್ತೇವೆ, ಉಪ್ಪಿನ ಪ್ರಶ್ನೆಯೇ ಇಲ್ಲ. ನಮಗೂ ಇದೆಲ್ಲ ಬೇಕಾ?

ಉಪ್ಪಿನ ಕಾಟ ಇಲ್ಲ, ಕೆಸರು ಮತ್ತು ಜೊಂಡಿನ ಕಾಟ ಇದೆ. ಶರಾವತಿ ಹಿನ್ನೀರಿನಂಥ ಕಡೆ ಬೇಸಿಗೆಯಲ್ಲಿ ನೀರು ಇಳಿದಾಗ ತಳದ ಕೆಸರು ಸೀದಾ ಪಂಪಿಗೆ ಬರುತ್ತದೆ. ಇನ್ನೊಂದು, ಇಂಥ ಎಂಜಿನ್‌ಗಳು ತಿಂಗಳುಗಟ್ಟಲೆ ನಿಂತೇ ಇರುತ್ತವೆ. ರೆಕ್ಕೆ ಬಾಗಿದ ಭಂಗಿಯಲ್ಲೇ ಗಟ್ಟಿಯಾಗುತ್ತದೆ, ಧಾರೆಯ ತೂತಿನಲ್ಲಿ ಕಡಜ ಮಣ್ಣಿನ ಗೂಡು ಕಟ್ಟುತ್ತದೆ. ಬಹಳ ದಿನದ ಮೇಲೆ ಇಳಿಸುವಾಗ ಮೊದಲು ಆ ತೂತಿಗೆ ಟಂಗೀಸು ಹಾಕಿ ನೋಡಿ.

ಒಮ್ಮೆ ಚೆನ್ನಾಗಿ ಕಾದ ಎಂಜಿನ್ ಮತ್ತೆ ನಂಬಬಹುದಾ?

ಆರಿದ ಮೇಲೆ ಹಗ್ಗ ಎಳೆದು ನೋಡಿ. ಸಲೀಸಾಗಿ ತಿರುಗಿದರೆ ಕಂಪ್ರೆಶನ್ ನೋಡಿ, ಎಕ್ಸಾಸ್ಟ್ ಕವರ್ ತೆಗೆದು ಆ ಕಿಂಡಿಯಿಂದ ಪಿಸ್ಟನ್ ಬದಿಗೆ ಟಾರ್ಚ್ ಹಾಕಿ. ಉದ್ದುದ್ದ ಗೀರು ಕಾಣದಿದ್ದರೆ, ಎರಡು ಸಿಲಿಂಡರಿನ ಅಂಕಿ ಹತ್ತಿರ ಹತ್ತಿರ ಇದ್ದರೆ, ಹೊಸ ಇಂಪೆಲ್ಲರ್ ಮತ್ತು ಥರ್ಮೋಸ್ಟಾಟ್ ಹಾಕಿ ಡ್ರಮ್ಮಿನಲ್ಲಿ ಓಡಿಸಿ ನೋಡಿ, ಆಮೇಲೆ ದಡದ ಹತ್ತಿರ ಎರಡು ಮೂರು ದಿನ ಓಡಿಸಿ. ಸುಟ್ಟ ಎಂಜಿನ್‌ಗೆ ಹಳೆ ಇಂಪೆಲ್ಲರ್ ಮತ್ತೆ ಹಾಕಬೇಡಿ, ಬಿಸಿಗೆ ಅದರ ನಡುವಿನ ಲೋಹದ ಬುಶ್ ರಬ್ಬರಿನಿಂದ ಬಿಟ್ಟಿರಬಹುದು. ಹೊರಗಿನಿಂದ ಅದು ಕಾಣುವುದಿಲ್ಲ. ಕಂಪ್ರೆಶನ್ ಒಂದರಲ್ಲಿ ಬಿದ್ದಿದ್ದರೆ ಬೋರ್ ಕೆಲಸಕ್ಕೆ ಕೊಡುವ ಮೊದಲು ಹಳೆ ಎಂಜಿನ್‌ನ ಬೆಲೆ ಎಷ್ಟು ಅಂತ ಒಮ್ಮೆ ವಿಚಾರಿಸಿ.